ಧಾರವಾಡದ ಅಡುಗೆಮನೆಯಲ್ಲಿ ಚೆಸ್ಟ್‌ನಟ್

ಚೆಸ್ಟ್‌ನಟ್ಟನ್ನು ಮೊದಲ ಬಾರಿಗೆ ಕಂಡವರು ಅದನ್ನು ಗೋಡಂಬಿ, ಬಾದಾಮಿ, ಶೇಂಗಾಗಳ ಸಾಲಿನಲ್ಲಿ ಕೂರಿಸಿಬಿಡುತ್ತಾರೆ. ಗಟ್ಟಿ ಸಿಪ್ಪೆಯೊಳಗಿನ ಬೀಜ ಎಂಬುದೊಂದನ್ನು ಬಿಟ್ಟರೆ, ಅಡುಗೆಯ ಮಟ್ಟಿಗೆ ಅವಕ್ಕೂ ಇದಕ್ಕೂ ಹೆಚ್ಚಿನ ನಂಟಿಲ್ಲ. ಶೇಂಗಾದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಹಸಿ ಚೆಸ್ಟ್‌ನಟ್‌ನ ತೂಕದಲ್ಲಿ ಸುಮಾರು ಅರ್ಧದಷ್ಟು ನೀರಿದ್ದು, ಜಿಡ್ಡು 100 ಗ್ರಾಂಗೆ 2 ಗ್ರಾಂನ ಆಸುಪಾಸು, ಉಳಿದದ್ದು ಬಹುಪಾಲು ಪಿಷ್ಟ ಮತ್ತು ಸಕ್ಕರೆ. ಆದ್ದರಿಂದ ಇದನ್ನು ಕುಟ್ಟಿ ಶೇಂಗಾದಂತೆ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಲು ಬರುವುದಿಲ್ಲ, ಡಬ್ಬಿಗೆ ತುಂಬಿ ತಿಂಗಳುಗಟ್ಟಲೆ ಇಡಲೂ ಬರುವುದಿಲ್ಲ. ಬೇಯಿಸಿದ ಒಂದು ಬೀಜವನ್ನು ಬಾಯಿಗೆ ಹಾಕಿಕೊಂಡ ನಮ್ಮ ಅತ್ತೆಯವರು ಈ ಲೆಕ್ಕ ಯಾವುದನ್ನೂ ಕೇಳದೆ, “ಇದು ಶೇಂಗಾದ ಜಾತಿ ಅಲ್ಲ ಬಿಡವಾ, ಗೆಣಸಿನ ಜಾತಿ ಐತಿ” ಎಂದರು. ಸಸ್ಯಶಾಸ್ತ್ರಜ್ಞರು ಒಪ್ಪಲಿಕ್ಕಿಲ್ಲ, ಆದರೆ ಒಲೆಯ ಮುಂದೆ ನಿಂತವರಿಗೆ ಇದಕ್ಕಿಂತ ಉಪಯುಕ್ತವಾದ ಮಾತು ಇನ್ನೊಂದಿಲ್ಲ.

ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಾಗಲಿ ಹುಬ್ಬಳ್ಳಿಯ ಜನತಾ ಬಜಾರಿನಲ್ಲಾಗಲಿ ಇದು ನನಗೆ ಸಿಕ್ಕಿಲ್ಲ. ಸೇನೆಯಲ್ಲಿರುವ ನಮ್ಮ ಮೈದುನ ಕುಮಾವೂನ್ ಬೆಟ್ಟಗಳ ಕಡೆಯಿಂದ ದೀಪಾವಳಿಯ ರಜೆಗೆ ಬರುವಾಗ ಒಂದು ಚೀಲ ತರುತ್ತಾನೆ. ಆ ಸೀಮೆಯಲ್ಲಿ ಕಾಡುಮರವಾಗಿ ಬೆಳೆಯುವ ಹಾರ್ಸ್ ಚೆಸ್ಟ್‌ನಟ್ ಎಂಬ ಇನ್ನೊಂದು ಕಾಯಿಯೂ ಇದೆ. ಅದು ಕಹಿ, ಹಾಗೆಯೇ ತಿಂದರೆ ವಿಷ. ನೋಡಲು ಎರಡೂ ಮಿರುಗುವ ಕಂದು ಬಣ್ಣದವೇ ಆಗಿರುವುದರಿಂದ, ಯಾರಾದರೂ ತಂದುಕೊಟ್ಟ ಕಾಯಿಯನ್ನು ಒಲೆಗೇರಿಸುವ ಮುನ್ನ ಅದರ ತುದಿಯನ್ನು ನೋಡಬೇಕು. ತಿನ್ನುವ ಚೆಸ್ಟ್‌ನಟ್‌ಗೆ ಚೂಪಾದ ತುದಿಯೂ ಅದರ ಮೇಲೆ ಸಣ್ಣ ಒಣ ಕುಚ್ಚೂ ಇರುತ್ತವೆ, ಒಂದು ಮಗ್ಗುಲು ಸಾಮಾನ್ಯವಾಗಿ ಚಪ್ಪಟೆಯಾಗಿರುತ್ತದೆ. ಇನ್ನೊಂದು ಗುಂಡಗಿದ್ದು ಅದಕ್ಕೆ ತುದಿಯೇ ಇರುವುದಿಲ್ಲ. ಉಪವಾಸಕ್ಕೆ ಬಳಸುವ ಶಿಂಗಾಡವೂ ಇದಲ್ಲ. ಅದು ಕೆರೆಯ ನೀರಿನಲ್ಲಿ ಬೆಳೆಯುವ ಬೇರೆಯೇ ಗಿಡದ ಕಾಯಿ.

ಚೀಲ ಬಿಚ್ಚಿದ ಕೂಡಲೇ ಆರಿಸುವ ಕೆಲಸ. ಬೆರಳಿನಿಂದ ಒತ್ತಿದಾಗ ಸಿಪ್ಪೆ ಒಳಗೆ ಕುಸಿದರೆ ಬೀಜ ಒಣಗಿದೆ ಎಂದು ಅರ್ಥ. ಗುಂಡುಸೂಜಿಯ ತಲೆಯಷ್ಟು ದುಂಡನೆಯ ತೂತಿದ್ದರೆ ಹುಳು ತಿಂದು ಹೊರಬಿದ್ದಿದೆ. ಉಳಿದವನ್ನು ಬಕೆಟ್ ನೀರಿಗೆ ಸುರಿದು, ತೇಲಿದವನ್ನು ತೆಗೆದಿಟ್ಟು ಒಂದೊಂದಾಗಿ ಕತ್ತರಿಸಿ ನೋಡುತ್ತೇನೆ, ಏಕೆಂದರೆ ತೇಲಿದ್ದೆಲ್ಲ ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಒಳ್ಳೆಯವನ್ನು ಒರೆಸಿ, ಬಟ್ಟೆಯ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬೇಕು. ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಬೂಸ್ಟು ಹಿಡಿಯುತ್ತದೆ, ಹೊರಗಿಟ್ಟರೆ ನಮ್ಮ ಒಣಹವೆಗೆ ಬೇಗ ಸೊರಗುತ್ತದೆ. ತಂಪಿನಲ್ಲಿ ಕೆಲವು ದಿನ ಕಳೆದರೆ ಪಿಷ್ಟದ ಒಂದು ಪಾಲು ಸಕ್ಕರೆಯಾಗಿ ಸಿಹಿ ಹೆಚ್ಚುವುದರಿಂದ, ತಂದ ದಿನವೇ ಎಲ್ಲವನ್ನೂ ಮುಗಿಸುವ ಅವಸರ ಬೇಡ.

ಸಿಪ್ಪೆಗೆ ಗಾಯ ಮಾಡದೆ ಇದನ್ನು ಬೆಂಕಿಗೆ ಹಾಕಬಾರದು. ಒಳಗಿನ ನೀರು ಆವಿಯಾಗಿ ಬೀಜ ಸಿಡಿಯುತ್ತದೆ, ಆ ಸಿಡಿತ ಕಣ್ಣಿಗೆ ಅಪಾಯ. ಈಳಿಗೆಯ ಮೇಲೆ ಇದು ಜಾರುತ್ತದೆ. ಚಪ್ಪಟೆ ಮಗ್ಗುಲನ್ನು ಮಣೆಗೆ ಒತ್ತಿ ಹಿಡಿದು, ಹಲ್ಲಿರುವ ಸಣ್ಣ ಚಾಕುವಿನಿಂದ ಉಬ್ಬಿದ ಹೊಟ್ಟೆಯ ಮೇಲೆ ಅಡ್ಡಲಾಗಿ ಒಂದು ಉದ್ದನೆಯ ಗೀರು ಹಾಕುವುದು ನನಗೆ ಒಗ್ಗಿದ ಕ್ರಮ. ಅನೇಕರು ತುದಿಯಲ್ಲಿ ಕತ್ತರಿ ಆಕಾರದ ಗುರುತು ಮಾಡುತ್ತಾರೆ, ಆದರೆ ಅಡ್ಡಗೀರಿನಿಂದ ಸಿಪ್ಪೆ ಎರಡು ಟೊಪ್ಪಿಗೆಗಳಾಗಿ ಕಳಚುತ್ತದೆ. ಗೀರು ಹೊರಸಿಪ್ಪೆಯನ್ನೂ ಅದರಡಿಯ ತೆಳು ಪೊರೆಯನ್ನೂ ದಾಟಿರಬೇಕು, ಬೀಜದ ಆಳಕ್ಕೆ ಇಳಿಯಬಾರದು. ಹೀಗೆ ಗೀರಿದವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಹಾಕಿ, ರೊಟ್ಟಿ ಬೇಯಿಸುವ ಕಬ್ಬಿಣದ ಹಂಚಿನ ಮೇಲೆ ಒಂದೇ ಪದರವಾಗಿ ಹರಡಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ಹೊರಳಿಸುತ್ತ 20ರಿಂದ 25 ನಿಮಿಷ ಹುರಿಯುತ್ತೇನೆ. ಗೀರು ಬಾಯಿ ತೆರೆದು, ಅಂಚು ಹೊರಕ್ಕೆ ಮಡಚಿಕೊಂಡು, ಒಳಗಿನ ಹಳದಿ ತಿರುಳು ಕಾಣಿಸಿಕೊಂಡಾಗ ಇಳಿಸಬೇಕು.

ಕಷ್ಟದ ಘಟ್ಟ ಸುಲಿಯುವುದು. ಹೊರಸಿಪ್ಪೆ ಸುಲಭವಾಗಿ ಬರುತ್ತದೆ. ತಿರುಳಿನ ಸುಕ್ಕುಗಳೊಳಗೆ ಇಳಿದು ಅಂಟಿಕೊಂಡಿರುವ ಒಗರು ಪೊರೆಯೇ ತಾಳ್ಮೆ ಕೆಡಿಸುವಂಥದ್ದು. ಬಿಸಿ ಇರುವಾಗ ಮಾತ್ರ ಅದು ಬಿಡುತ್ತದೆ. ಹಂಚಿನಿಂದ ತೆಗೆದ ಬೀಜಗಳನ್ನು ದಪ್ಪ ಟವೆಲ್ಲಿನಲ್ಲಿ ಗಂಟುಕಟ್ಟಿ ಹತ್ತು ನಿಮಿಷ ಇಟ್ಟರೆ ತಮ್ಮದೇ ಆವಿಯಲ್ಲಿ ಪೊರೆ ಸಡಿಲಾಗುತ್ತದೆ. ಆಮೇಲೆ ಗಂಟನ್ನು ಪೂರ್ತಿ ಬಿಚ್ಚದೆ, ನಾಲ್ಕೈದನ್ನಷ್ಟೇ ಹೊರತೆಗೆದು ಸುಲಿಯಬೇಕು. ಆರಿ ಹಟ ಹಿಡಿದವನ್ನು ಕುದಿಯುವ ನೀರಿಗೆ ಒಂದು ನಿಮಿಷ ಬಿಟ್ಟರೆ ದಾರಿಗೆ ಬರುತ್ತವೆ. ಪಲ್ಯ, ಹೂರಣಗಳಿಗಾದರೆ ಹುರಿಯುವ ಗೋಜೇ ಬೇಡ. ಗೀರಿದ ಬೀಜ ಮುಳುಗುವಷ್ಟು ನೀರು, ಚಿಟಿಕೆ ಉಪ್ಪು ಹಾಕಿ ಕುಕ್ಕರಿನಲ್ಲಿ ಎರಡು ಸೀಟಿ ಹೊಡೆಸಿ, ಬಿಸಿ ನೀರಿನಿಂದ ಒಂದೊಂದಾಗಿ ತೆಗೆದು ಸುಲಿಯಬಹುದು.

ಗೆಣಸಿನ ಹೋಳಿಗೆ ಮಾಡಬಲ್ಲವರಿಗೆ ಇದರ ಹೋಳಿಗೆಯನ್ನು ಬೇರೆಯಾಗಿ ಕಲಿಸಬೇಕಿಲ್ಲ. ಸುಲಿದು ಬೇಯಿಸಿದ 250 ಗ್ರಾಂ ಬೀಜಕ್ಕೆ ನಾನು 125 ಗ್ರಾಂ ಬೆಲ್ಲ ಹಾಕುತ್ತೇನೆ. ಕಡಲೆಬೇಳೆಯ ಅಳತೆ ಹಿಡಿದರೆ ಸಿಹಿ ಮಿತಿಮೀರುತ್ತದೆ. ಪೂರಣದ ಯಂತ್ರದಲ್ಲಿ ತಿರುವಿ, ಬೆಲ್ಲ ಬೆರೆಸಿ, ಒಲೆಯ ಮೇಲೆ ತಳ ಬಿಡುವವರೆಗೆ ಕೈಯಾಡಿಸಿ, ಏಲಕ್ಕಿಯ ಜೊತೆಗೆ ತುಸು ಜಾಜಿಕಾಯಿ ತೇಯ್ದು ಹಾಕಬೇಕು. ಜಿಡ್ಡಿಲ್ಲದ ಹೂರಣವಾದ್ದರಿಂದ ಆರಿದಾಗ ಬಿರಿಯುತ್ತದೆ, ಅದಕ್ಕಾಗಿ ಒಂದು ದೊಡ್ಡ ಚಮಚ ತುಪ್ಪ ಅದಕ್ಕೇ ಸೇರಿಸಬೇಕು, ಹೋಳಿಗೆಯ ಮೇಲೆ ಸುರಿಯುವ ತುಪ್ಪ ಬೇರೆ.

ನನಗೆ ಹೋಳಿಗೆಗಿಂತ ಪಲ್ಯವೇ ಹೆಚ್ಚು ಇಷ್ಟ. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯನ್ನು ಕೆಂಪಗೆ ಬಾಡಿಸಿ, ಎರಡು ಹೋಳು ಮಾಡಿದ ಬೆಂದ ಬೀಜ, ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಉಪ್ಪು, ಸ್ವಲ್ಪ ಹುಣಸೆರಸ ಹಾಕಿ ಐದು ನಿಮಿಷ ಮುಚ್ಚಿಡುತ್ತೇನೆ. ಕೊನೆಗೆ ಎರಡು ಚಮಚ ಗುರೆಳ್ಳಿನ ಪುಡಿ ಉದುರಿಸುತ್ತೇನೆ. ಬೀಜದಲ್ಲಿಲ್ಲದ ಎಣ್ಣೆಯಂಶವನ್ನೂ ಅದರ ಸಿಹಿಯನ್ನು ಹದದಲ್ಲಿಡುವ ಸಣ್ಣ ಕಹಿಯನ್ನೂ ಅದೇ ಒದಗಿಸುತ್ತದೆ. ತೆಂಗಿನತುರಿ ಹಾಕಿದರೆ ಸಿಹಿಗೆ ಸಿಹಿ ಸೇರಿ ರೊಟ್ಟಿಯ ಜೊತೆ ಸಪ್ಪೆಯಾಗುತ್ತದೆ.

ಸುಲಿಯುವಾಗ ಪುಡಿಯಾದ ಚೂರುಗಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಹಿಟ್ಟು ಮಾಡಿಕೊಳ್ಳುತ್ತೇನೆ. ಇಟಲಿಯ ಟಸ್ಕನಿ ಪ್ರಾಂತ್ಯದ, ಫ್ರಾನ್ಸಿನ ಕಾರ್ಸಿಕಾ ದ್ವೀಪದ ಬೆಟ್ಟದ ಜನ ಶತಮಾನಗಳ ಕಾಲ ಈ ಹಿಟ್ಟಿನ ಮೇಲೆಯೇ ಬದುಕಿದವರು. ಗೋದಿ ಬೆಳೆಯದ ಇಳಿಜಾರಿನಲ್ಲಿ ಇದೇ ಅವರ ಧಾನ್ಯವಾಗಿತ್ತು. ಜೋಳದಂತೆ ಇದರಲ್ಲಿಯೂ ಗ್ಲುಟೆನ್ ಇಲ್ಲ, ಆದ್ದರಿಂದ ಲಟ್ಟಿಸುವ ಆಸೆ ಬಿಡಬೇಕು. ಮೂರು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಇದನ್ನು ಸೇರಿಸಿ, ಕುದಿಯುವ ಎಸರಿನಲ್ಲಿ ನಾದಿ, ಎಂದಿನಂತೆ ಬಡಿದರೆ ರೊಟ್ಟಿ ಹರಿಯದೆ ಬರುತ್ತದೆ. ಸಕ್ಕರೆಯಂಶದಿಂದ ಬೇಗ ಸೀಯುವುದರಿಂದ ಹಂಚಿನ ಕಾವು ಎಂದಿಗಿಂತ ಕಡಿಮೆ ಇರಬೇಕು, ಮತ್ತು ಈ ರೊಟ್ಟಿಯನ್ನು ಖಡಕ್ ಮಾಡಿ ಇಡದೆ ಬಿಸಿಯಾಗಿಯೇ ಬೆಣ್ಣೆ ಹಚ್ಚಿ ತಿನ್ನಬೇಕು.