ಅರಸೀಕೆರೆ ಬಿಟ್ಟಿತಾ?

ಹಾಸನದ ಗೂಡ್ಸ್ ಶೆಡ್ಡಿಗೆ ಬರುವ ಪಡಿತರ ಅಕ್ಕಿಯ ರೇಕಿಗೆ (ಇಡೀ ಗೂಡ್ಸ್ ರೈಲಿಗೆ) ಲಾರಿ, ಹಮಾಲಿಗಳನ್ನು ಹೊಂದಿಸುವುದು ನನ್ನ ಕೆಲಸ. ಹೊರರಾಜ್ಯಗಳಲ್ಲಿ ಮುಂಗಾರು ಭತ್ತದ ಖರೀದಿ ಶುರುವಾದ ಮೇಲೆ, ಮಾಗಿ ಚಳಿಯಲ್ಲೇ ರೇಕುಗಳ ಒತ್ತಡ. ನಮ್ಮ ಗ್ರಹಚಾರಕ್ಕೆ ಅದೇ ಹೊತ್ತಿಗೆ ಇಲ್ಲಿ ರಾಗಿ ಒಕ್ಕಣೆ, ಸಕಲೇಶಪುರದ ಕಡೆ ಕಾಫಿ ಕುಯ್ಲು. ಆಳೂ ಸಿಗದು, ಲಾರಿಯೂ ಸಿಗದು.

42 ವ್ಯಾಗನ್ನಿನ ರೇಕು. ವ್ಯಾಗನ್ನಿಗೆ 60 ಟನ್ ಹಿಡಿದರೂ 50 ಕೆಜಿಯ ಚೀಲ ಐವತ್ತು ಸಾವಿರ ದಾಟುತ್ತದೆ. ಇಳಿಸಲು ಸಿಗುವುದು 9 ಗಂಟೆ. ಮೀರಿದರೆ ಗಂಟೆಗಿಷ್ಟು, ವ್ಯಾಗನ್ನಿಗಿಷ್ಟು ಎಂದು ಡೆಮರೇಜ್, ಅಂದರೆ ತಡಮಾಡಿದ್ದಕ್ಕೆ ದಂಡ. ರೇಕು ಶೆಡ್ಡಿನ ಲೈನಿಗೆ ಬಂದು ನಿಂತ ಕ್ಷಣದಿಂದ ಲೆಕ್ಕ ಶುರು, ನಡುರಾತ್ರಿ ಎರಡಾದರೂ.

ಮೊದಲ ವರ್ಷ ಮೊಬೈಲನ್ನೇ ನಂಬಿದ್ದೆ. ಎಫ್‌ಎನ್‌ಆರ್ ಎಂಬ, ಸರಕು ಬುಕ್ಕಾದಾಗ ರೈಲ್ವೆ ಕೊಡುವ ಸಂಖ್ಯೆ ಹಾಕಿದರೆ ರೇಕು ಎಲ್ಲಿದೆ ಎಂದು ರೈಲ್ವೆಯ ಸರಕು ಮಾಹಿತಿ ವ್ಯವಸ್ಥೆಯಾದ ಎಫ್‌ಓಐಎಸ್ ತೋರಿಸುತ್ತದೆ. ಒಂದು ಸಂಜೆ ಅರಸೀಕೆರೆ ಎಂದು ಬಂತು. ಅಲ್ಲಿಂದ ಇಲ್ಲಿಗೆ ಐವತ್ತು ಕಿಲೋಮೀಟರೂ ಇಲ್ಲ. ಇಪ್ಪತ್ತು ಲಾರಿ ಕರೆಸಿಬಿಟ್ಟೆ. ರೇಕು ಬಂದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ. "ಮೊಬೈಲ್‌ನಾಗೆ ಬಂದೈತೆ, ಹಳಿ ಮ್ಯಾಲೆ ಯಾವಾಗ್ ಬತ್ತದೆ ಸಾರ್?" ಎಂದ ಒಬ್ಬ ಡ್ರೈವರು. ಉಳಿದವರು ಅಂದದ್ದನ್ನು ಬರೆಯುವಂತಿಲ್ಲ.

ಆ ದಾರಿ ಒಂಟಿ ಹಳಿ. ಪ್ಯಾಸೆಂಜರ್, ಎಕ್ಸ್‌ಪ್ರೆಸ್ ಎಲ್ಲ ಸರಿದ ಮೇಲೆ ಗೂಡ್ಸಿನ ಸರದಿ. ಲೋಕೋ ಪೈಲಟ್ಟಿನ ಡ್ಯೂಟಿ ಮುಗಿದಿದ್ದರೆ ಇನ್ನೊಬ್ಬರು ಬರುವತನಕ ಅಲ್ಲೇ ಠಿಕಾಣಿ. ಹಾಗಾಗಿ ಅರಸೀಕೆರೆಗೆ ಬಂದ ಹೊತ್ತು, ಬಿಟ್ಟ ಹೊತ್ತು, ನಮ್ಮ ಲೈನಿಗೆ ನಿಂತ ಹೊತ್ತು ಈ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಎರಡು ಸೀಸನ್ ಬರೆದ ಮೇಲೆ ಗೊತ್ತಾಯಿತು: ಬಂದ ಹೊತ್ತಿನಿಂದ ಏನೂ ಹೇಳಲಾಗದು, ಬಿಟ್ಟ ಹೊತ್ತೊಂದೇ ನೆಚ್ಚಿಕೊಳ್ಳಬಹುದಾದದ್ದು.

ಈಗ ರೇಕು ಅರಸೀಕೆರೆಗೆ ಬಂದರೆ ಮೇಸ್ತ್ರಿಗೆ ಮಾತ್ರ ಫೋನು: "ಉಂಡು ಮಲಿಕ್ಕಳಿ, ಫೋನು ತಲೆದೆಸೆಗಿರ್ಲಿ." ಬಿಟ್ಟಿತು ಅಂದಾಗ ಹಮಾಲಿಗಳು ಮತ್ತು ಹತ್ತು ಲಾರಿ. ಉಳಿದ ಲಾರಿಗಳು ಎರಡು ಗಂಟೆ ಬಿಟ್ಟು. ಒಟ್ಟಿಗೆ ಕರೆಸಿದರೆ ಗೋದಾಮಿನ ಗೇಟಿನಲ್ಲಿ ಸಾಲು ನಿಲ್ಲುತ್ತವೆ, ಇತ್ತ ಶೆಡ್ಡು ಖಾಲಿ.

ಇನ್ನೊಂದು. ರೇಕು ನಿಂತಾಗ ಟಾರ್ಚ್ ಹಿಡಿದು ನಾನೇ ಹೋಗಿ ಹೊತ್ತು ಗುರುತಿಸಿ, ಶೆಡ್ಡಿನ ರೈಲ್ವೆ ಸಿಬ್ಬಂದಿಯ ರಿಜಿಸ್ಟರಿನ ಜೊತೆ ಆಗಲೇ ತಾಳೆ ನೋಡುತ್ತೇನೆ. ಒಮ್ಮೆ ನಲವತ್ತು ನಿಮಿಷದ ವ್ಯತ್ಯಾಸವಿತ್ತು. ಬೆಳಿಗ್ಗೆ ಕೇಳೋಣ ಎಂದು ಟೀ ಕುಡಿಯಲು ಹೋದೆ. ಬೆಳಿಗ್ಗೆ ಡ್ಯೂಟಿಯಲ್ಲಿದ್ದವರೇ ಬೇರೆ.