ಗಾಣದ ಪೂಜೆ ಬಿಟ್ಟವನಿಗೆ ಹೈಡ್ರೋಸ್ ಬಿಡಲು ಆರು ವರ್ಷ ಹಿಡಿಯಿತು

ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕು. ಅಪ್ಪನ ಕಾಲದಿಂದಲೂ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆಲೆಮನೆ ಇದೆ. ಊರಲ್ಲಿ ನಮ್ಮಂಥ ಕಥೋಲಿಕರ ಮನೆಗಳು ಬೆರಳೆಣಿಕೆ. ಪ್ರತಿ ಹಂಗಾಮಿನ ಮೊದಲ ದಿನ ಗಾಣಕ್ಕೆ ಪೂಜೆ, ಕೋಳಿ ಬಲಿ ನಡೆಯುತ್ತಿತ್ತು. ಆಲೆಮನೆ ನನ್ನ ಕೈಗೆ ಬಂದ ವರ್ಷ ನಾನು ಅದಕ್ಕೆ ನಿಲ್ಲಲಿಲ್ಲ. ಶಿಲುಬೆ ಗುರುತು ಹಾಕಿಕೊಂಡು, ಪರಲೋಕ ಮಂತ್ರ ಹೇಳಿ, ಸ್ವಿಚ್ ಒತ್ತಿದೆ. ನೆರೆಯ ಆಲೆಮನೆಯ ಹಿರಿಯರು ಬಂದು, "ನಾಕು ಜನದ ಜೊತೆ ಬಾಳೋವಾಗ ನಾಕು ಜನದಂಗೆ ಇರ್ಬೇಕು ಕಣಪ್ಪ" ಅಂದರು. ನಾನು ಜಗ್ಗಲಿಲ್ಲ. ಲೋಕದ ದಾರಿ ಹಿಡಿಯಲಿಲ್ಲವಲ್ಲ ಎಂಬ ಹೆಮ್ಮೆ ಒಳಗೆ ಇತ್ತು.

ಅದೇ ದಿನ ಸಂಜೆ ಅದೇ ಕೊಪ್ಪರಿಗೆಗೆ ಹೈಡ್ರೋಸ್ ಹಾಕಿದೆ.

ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಯ ಬಣ್ಣ ತೆಗೆಯಲು ಬಳಸುವ ಬಿಳಿ ಪುಡಿ. ಕುದಿಯುವ ಪಾಕಕ್ಕೆ ಒಂದು ಹಿಡಿ ಎರಚಿದರೆ ಕಂದು ಬಣ್ಣ ಹೋಗಿ ಹಳದಿ ಬರುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಉಬ್ಬಸ ಇರುವ ಕೆಲವರಿಗೆ ಅದು ಆಗಿಬರುವುದಿಲ್ಲ. ಕಾನೂನು ಕಿಲೋಗೆ 70 ಮಿಲಿಗ್ರಾಂ ಮಿತಿ ಇಟ್ಟಿದೆ. ಹಿಡಿಯಲ್ಲಿ ಎರಚುವವನಿಗೆ ಮಿಲಿಗ್ರಾಂ ಎಲ್ಲಿಂದ ಗೊತ್ತಾಗಬೇಕು? ಮಂಡಿಯಲ್ಲಿ ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ, ನನಗೆ ಗೊತ್ತಿದ್ದವರೆಲ್ಲ ಹಾಕುತ್ತಾರೆ, ನಾನೂ ಹಾಕಿದೆ. ನಮ್ಮ ಮನೆ ಬಳಕೆಗೆ ಮಾತ್ರ ಪುಡಿ ಹಾಕದ ಬೆಲ್ಲವನ್ನು ಬೇರೆ ಅಚ್ಚಿಗೆ ಹೊಯ್ಯಿಸುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಹೀಗೆ ಆರು ವರ್ಷ ಕಳೆಯಿತು. ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಒಮ್ಮೆ ಪಾದ್ರಿಯವರ ಹತ್ತಿರ ಪಾಪನಿವೇದನೆಗೆ ಹೋದಾಗ ಬಾಯಿಗೆ ಬಂತು, ಹೇಳಿಬಿಟ್ಟೆ. ಜೊತೆಗೇ "ಎಲ್ಲರೂ ಮಾಡ್ತಾರೆ ಫಾದರ್" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಣದ ಪೂಜೆನೂ ಎಲ್ಲರೂ ಮಾಡ್ತಾರಲ್ಲಪ್ಪ" ಅಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಮನೆಗೆ ಬಂದು ಲೂಕನ ಸುವಾರ್ತೆಯ ಮೂರನೇ ಅಧ್ಯಾಯ ಓದಿದೆ. ಸುಂಕದವರು ಸ್ನಾನಿಕ ಯೊವಾನ್ನನ ಹತ್ತಿರ ಬಂದು ನಾವೇನು ಮಾಡಬೇಕು ಅನ್ನುತ್ತಾರೆ. ಆತ ಕೆಲಸ ಬಿಡಿ ಅನ್ನುವುದಿಲ್ಲ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅನ್ನುತ್ತಾನೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ನಮ್ಮ ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ನೆನಪೂ ಆಯಿತು. ಅವರು ಇಲ್ಲಿಯವರ ಉಡುಪು ಉಟ್ಟು, ಮಾಂಸ ಬಿಟ್ಟು ಬದುಕಿದವರು. ಜನ ದೊಡ್ಡಸ್ವಾಮಿಯವರು ಅನ್ನುತ್ತಿದ್ದರು. ಊರಿನಂತೆ ಉಡುವುದು, ಉಣ್ಣುವುದು, ನೆರೆಯವರ ಹಬ್ಬಕ್ಕೆ ಹೋಗಿ ಒಬ್ಬಟ್ಟು ತಿನ್ನುವುದು ನನ್ನ ನಂಬಿಕೆಯನ್ನು ಕೆಡಿಸಲಿಲ್ಲ. ನಂಬಿಕೆ ಕೆಟ್ಟುಹೋದದ್ದು ಯಾರ ಕಣ್ಣಿಗೂ ಬೀಳದ ಆ ಒಂದು ಹಿಡಿ ಪುಡಿಯಲ್ಲಿ.

ಬಿಡಬೇಕು ಅಂದುಕೊಂಡರೆ ಸಾಲದು, ಪಾಕ ಗೊತ್ತಿರಬೇಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಿ ಕೇಳಿದೆ. ಬದುವಿನ ಉದ್ದಕ್ಕೂ ಬೆಂಡೆ ಹಾಕಿದೆ. ಕಾಯಿ ಕಿತ್ತಾದ ಮೇಲೆ ಗಿಡದ ಕಾಂಡ ಜಜ್ಜಿ, ನೀರಲ್ಲಿ ನೆನೆಸಿ, ಲೋಳೆ ತೆಗೆದು ಕಬ್ಬಿನ ಹಾಲು ಕಾಯುವಾಗ ಹಾಕಿದರೆ ಮಡ್ಡಿ ಮೇಲೆ ಕಟ್ಟುತ್ತದೆ. ಕುದಿ ಜೋರಾಗುವ ಮೊದಲೇ ಅದನ್ನು ಬಾಚಬೇಕು, ತಡವಾದರೆ ಒಳಗೇ ಬೆರೆತುಹೋಗುತ್ತದೆ. ಮೊದಲ ವಾರ ನಾನು ತಡಮಾಡಿದ್ದು ಅಲ್ಲೇ. ಸುಣ್ಣ ಕಡಿಮೆ ಮಾಡಿದೆ. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಕಡಿದ ಕಬ್ಬನ್ನು ಮರುದಿನಕ್ಕೆ ಉಳಿಸಲಿಲ್ಲ. ಯೂರಿಯಾ ಸುರಿದು ಬೆಳೆದ ಕಬ್ಬು ಕೊಳ್ಳಲಿಲ್ಲ. ಇಷ್ಟೆಲ್ಲ ಮಾಡಿದರೂ ಹೈಡ್ರೋಸ್‌ನ ಹಳದಿ ಬರಲಿಲ್ಲ. ಬಂದದ್ದು ಜೇನಿನ ಬಣ್ಣ, ಕೆಲವು ದಿನ ಅದಕ್ಕಿಂತ ಗಾಢ.

ಮಂಡಿಯಲ್ಲಿ ಮೊದಲ ಗಾಡಿಗೆ ಕ್ವಿಂಟಲ್‌ಗೆ 400 ರೂಪಾಯಿ ಕಡಿಮೆ ಕೂಗಿದರು. "ಯಾಕಣ್ಣ, ಪುಡಿಗೂ ಕಾಸಿಲ್ವಾ?" ಎಂದು ದಲ್ಲಾಳಿ ಕೇಳಿದ. ಪೂಜೆ ಬಿಟ್ಟಾಗ ಬರೀ ಮಾತು ಕೇಳಿದ್ದೆ, ಈ ಸಲ ಆಳುಗಳ ಕೂಲಿಗೆ ಕೈಸಾಲ ಮಾಡಿದೆ. ಹೆಂಡತಿ ಒಂದು ರಾತ್ರಿ, "ಅರ್ಧ ಹಿಡಿ ಹಾಕಿದ್ರೆ ಆಗಲ್ವಾ?" ಅಂದಳು. ಮನೆ ನಡೆಸುವವಳು ಅವಳು, ಕೇಳಿದ್ದರಲ್ಲಿ ತಪ್ಪಿಲ್ಲ. ನಾವಿಬ್ಬರೂ ಜಪಸರ ಹಿಡಿದು ಕೂತೆವು, ಉತ್ತರ ಮಾತ್ರ ಆ ರಾತ್ರಿ ಸಿಗಲಿಲ್ಲ. ಬೆಳಿಗ್ಗೆ ಮಿಕ್ಕಿದ್ದ ಪುಡಿಯ ಡಬ್ಬವನ್ನು ಅವಳೇ ತಂದು ಜಗುಲಿಯ ಮೇಲಿಟ್ಟಳು, ಇದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಕೊಟ್ಟು ಬನ್ನಿ ಅಂದಳು.

ಎರಡನೇ ಹಂಗಾಮಿಗೆ ಮೈಸೂರಿನ ಕೆಲವು ಮನೆಯವರು ನೇರವಾಗಿ ಕೊಳ್ಳತೊಡಗಿದರು. ಅರ್ಧ ಬೆಲ್ಲ ಹಾಗೆ ಹೋಗುತ್ತದೆ, ಉಳಿದ ಅರ್ಧ ಈಗಲೂ ಮಂಡಿಯಲ್ಲಿ ಕಡಿಮೆ ಬೆಲೆಗೇ ಹೋಗುತ್ತದೆ.

ಅದೇ ಲೂಕನ ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯ ತಾನು ಮೋಸಮಾಡಿದವರಿಗೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಅಂದ. ಆ ಆರು ವರ್ಷ ನನ್ನ ಬೆಲ್ಲ ತಿಂದವರು ಯಾವ ಊರಿನವರೋ, ಅವರನ್ನು ಎಲ್ಲಿ ಹುಡುಕಲಿ? ಪ್ರತಿ ವರ್ಷ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಇಳಿಸಿದ ಮೊದಲ ಕೊಪ್ಪರಿಗೆಯ ಬೆಲ್ಲವನ್ನು ನಾವು ಮಾರುವುದಿಲ್ಲ. ನಮ್ಮ ಊರಿನ ಎಲ್ಲ ಮನೆಗೂ, ಜಾತಿ ಧರ್ಮ ನೋಡದೆ, ಒಂದೊಂದು ಅಚ್ಚು ಕೊಟ್ಟು ಬರುತ್ತೇವೆ.