ಮದ್ದಳೆ ಒಡೆದ ಸದ್ದು: ಹಳೆಯ ಎಸ್‌ಯುವಿಯ ಸಬ್‌ವೂಫರ್ ಬದಲಿಸಿದ ನನ್ನ ಅನುಭವ

"ಮದ್ದಳೆ ಒಡೆದ ಹಾಗೆ ಕೇಳ್ತದಲ್ಲ ಮಾರಾಯ," ಎಂದರು ಅಪ್ಪ. ಮಂಗಳೂರಿನಿಂದ ಸಕಲೇಶಪುರಕ್ಕೆ ಹೊರಟಿದ್ದೆವು. ದೂರದ ದಾರಿ ಎಂದರೆ ನಮ್ಮ ಗಾಡಿಯಲ್ಲಿ ತಾಳಮದ್ದಳೆ ಇರಲೇಬೇಕು. ಭಾಗವತರ ದನಿ ಚೆನ್ನಾಗಿತ್ತು, ಚೆಂಡೆಯೂ ಸರಿಯಾಗಿತ್ತು. ಮದ್ದಳೆಗೆ ಎಡಗೈ ಪೆಟ್ಟು ಬಿದ್ದಾಗ ಮಾತ್ರ ಹಿಂದಿನಿಂದ 'ಬರ್ರ್' ಎಂಬ ಸದ್ದು. ದಿನಾ ಗಾಡಿ ಓಡಿಸುವ ನನಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಅಪರೂಪಕ್ಕೆ ಕೂರುವ ಅಪ್ಪನಿಗೆ ಹತ್ತೇ ನಿಮಿಷದಲ್ಲಿ ಗೊತ್ತಾಯಿತು.

ನಮ್ಮದು ಹತ್ತು ವರ್ಷ ದಾಟಿದ ಏಳು ಸೀಟಿನ ಡೀಸೆಲ್ ಗಾಡಿ. ಹಿಂದಿನ ಎಡ ಪ್ಯಾನೆಲ್ ಒಳಗೆ ಕಂಪನಿಯೇ ಕೂರಿಸಿದ 8 ಇಂಚಿನ ಸಬ್‌ವೂಫರ್, ಅಂದರೆ ಬಾಸ್ ಸದ್ದಿಗೆಂದೇ ಇರುವ ಸ್ಪೀಕರ್ ಇದೆ. ಮೊದಲು ಅದರ ಮೇಲೆ ಅನುಮಾನ ಬರಲಿಲ್ಲ. ಪ್ಲಾಸ್ಟಿಕ್ ಪ್ಯಾನೆಲ್ ಅಲುಗಾಡುತ್ತಿದೆ ಅಂದುಕೊಂಡು ನಂಬರ್ ಪ್ಲೇಟಿನ ಹಿಂದೆ, ಡಿಕ್ಕಿ ಬಾಗಿಲಿನ ಅಂಚಿಗೆ ಫೋಮ್ ಟೇಪ್ ಅಂಟಿಸಿದೆ. ಎರಡು ಭಾನುವಾರ ಹೋಯಿತು, ಸದ್ದು ಹೋಗಲಿಲ್ಲ. ಆಮೇಲೆ ಬಾಸ್ ಪೂರ್ತಿ ಇಳಿಸಿ ನೋಡಿದೆ. ಸದ್ದು ನಿಂತಿತು. ಮತ್ತೆ ಏರಿಸಿ, ಪ್ಯಾನೆಲ್ ಅನ್ನು ಅಂಗೈಯಿಂದ ಒತ್ತಿ ಹಿಡಿದೆ. ಏನೂ ಬದಲಾಗಲಿಲ್ಲ. ತೊಂದರೆ ಸ್ಪೀಕರಿನದ್ದೇ ಎಂದು ಆಗ ಖಾತ್ರಿಯಾಯಿತು.

ಪ್ಯಾನೆಲ್ ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಹತ್ತು ನಿಮಿಷ ಸುಮ್ಮನಿದ್ದೆ. ಕಿಟಕಿಯ ಮೇಲೆ ಚಾವಣಿಯ ಅಂಚಿನೊಳಗೆ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಈ ಎಚ್ಚರಿಕೆ ಬೇಕೇ ಬೇಕು. ಕ್ಲಿಪ್ ಎಬ್ಬಿಸಲು ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ ಪಟ್ಟಿ ಸಾಕು. ಸೀಟ್ ಬೆಲ್ಟಿನ ಬೋಲ್ಟಿಗೆ ನಾನು ಕೈ ಹಾಕಲಿಲ್ಲ. ಪ್ಯಾನೆಲ್ ಅರ್ಧ ಹೊರಗೆ ಬಂದರೆ ಒಳಗೆ ಕೈ ಹೋಗುತ್ತದೆ, ಮೂರು ಬೋಲ್ಟ್ ತೆಗೆದರೆ ಡಬ್ಬಿ ಸಮೇತ ಸ್ಪೀಕರ್ ಕೈಗೆ ಬರುತ್ತದೆ.

ಅದನ್ನು ಜಗಲಿಗೆ ತಂದು ಬೆಳಕಿನಲ್ಲಿ ನೋಡಿದೆ. ಅದುರಿ ಸದ್ದು ಮಾಡುವ ಕೋನ್ ನೆಟ್ಟಗಿತ್ತು, ಒಂದು ಗೀರೂ ಇಲ್ಲ. ಕೋನಿನ ಸುತ್ತ ಇರುವ ಫೋಮ್ ಉಂಗುರಕ್ಕೆ ಬೆರಳು ತಾಗಿಸಿದ್ದೇ ತಡ, ಅದು ಒದ್ದೆ ಕಾಫಿ ಪುಡಿಯ ಹಾಗೆ ಉದುರಿ ಬೆರಳಿಗೆ ಅಂಟಿಕೊಂಡಿತು. ಕೆಳಗಿನ ಅರ್ಧ ಸುತ್ತು ಆಗಲೇ ಕಳಚಿಹೋಗಿತ್ತು. ಇದು ಪಾಲಿಯುರೆಥೇನ್ ಫೋಮ್. ಗಾಳಿಯ ತೇವ ಮತ್ತು ಸೆಕೆ ಸೇರಿದರೆ ನಿಧಾನವಾಗಿ ಒಳಗಿನಿಂದಲೇ ಮುರಿಯುತ್ತದೆ. ಹಾಡು ಹಾಕದೆ ನಿಲ್ಲಿಸಿಟ್ಟ ಗಾಡಿಯಲ್ಲೂ ಹಾಳಾಗುತ್ತದೆ. ನಮ್ಮ ಕರಾವಳಿಯ ಮಳೆ, ಆಮೇಲಿನ ಬಿಸಿಲು, ಎರಡನ್ನೂ ಇಷ್ಟು ವರ್ಷ ತಡೆದುಕೊಂಡದ್ದೇ ದೊಡ್ಡದು ಅಲ್ವಾ?

ಫೋಮ್ ಮಾತ್ರ ಹೋಗಿದ್ದರೆ ಸ್ಪೀಕರ್ ಬದಲಿಸಬೇಕಿಲ್ಲ. ಅದೇ ಅಳತೆಯ ಹೊಸ ಉಂಗುರ, ಅದರಲ್ಲೂ ರಬ್ಬರಿನದ್ದು ಸಿಕ್ಕರೆ, ಅಂಟಿಸಿ ವರ್ಷಗಟ್ಟಲೆ ಓಡಿಸಬಹುದು. ರೀಕೋನಿಂಗ್, ಅಂದರೆ ಸ್ಪೀಕರಿನ ಕೋನ್, ಉಂಗುರ ರಿಪೇರಿ ಮಾಡುವವರು ಹಲವು ಊರುಗಳಲ್ಲಿ ಇದ್ದಾರೆ. ಮೊದಲು ಅದನ್ನೇ ನೋಡಿ ಎನ್ನುತ್ತೇನೆ. ಪರೀಕ್ಷೆ ಸುಲಭ. ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಬೇಕು. ಸದ್ದಿಲ್ಲದೆ ಒಳಗೆ ಹೋಗಿ ಬಂದರೆ ಕಾಯಿಲ್, ಅಂದರೆ ಕೋನಿನ ಹಿಂದೆ ಅಂಟಿರುವ ತಂತಿ ಸುರುಳಿ, ಚೆನ್ನಾಗಿದೆ. ನನ್ನದರಲ್ಲಿ 'ಕರಕರ' ಎಂದಿತು. ಆಧಾರ ತಪ್ಪಿದ ಕೋನ್ ಒಂದು ಕಡೆಗೆ ವಾಲಿ, ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜಿ ಉಜ್ಜಿ ಸವೆದಿತ್ತು. ಇನ್ನು ಹೊಸದೇ ಗತಿ.

ಕಂಪನಿಯ ಬಿಡಿಭಾಗ ಸಿಗಲಿಲ್ಲ. ಆಕ್ಸೆಸರಿ ಅಂಗಡಿಗೆ ಹೋದರೆ ಡಬ್ಬಿಯ ಮೇಲೆ ಸಾವಿರ ವಾಟ್ ಎಂದು ಬರೆದ 12 ಇಂಚಿನದ್ದನ್ನು ತೋರಿಸಿದರು. ಆ ಸಾವಿರ ಒಂದು ಕ್ಷಣದ ಪೀಕ್ ಲೆಕ್ಕ. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಸ್ಪೀಕರ್ ಸತತವಾಗಿ ತಡೆದುಕೊಳ್ಳುವ ಪವರ್. ಅದಕ್ಕಿಂತ ಮುಖ್ಯವಾದದ್ದು ನನ್ನ ಗಾಡಿಯ ಹಳೆಯ ಆಂಪ್ಲಿಫೈಯರ್ ಎಷ್ಟನ್ನು ತಳ್ಳಬಲ್ಲದು, ನನ್ನ ಡಬ್ಬಿಯಲ್ಲಿ ಎಷ್ಟು ಜಾಗ ಇದೆ ಎಂಬುದು. ಹಾಗಾಗಿ ಏನನ್ನೂ ಕೊಳ್ಳದೆ ಮನೆಗೆ ಬಂದು ಅಳತೆಗೆ ಕೂತೆ.

ಮೊದಲು ಓಮ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಮಲ್ಟಿಮೀಟರ್ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ 0.3 ತೋರಿಸಿತು. ಅದು ಮೀಟರಿನ ತಂತಿಯದ್ದೇ. ಹಳೆಯ ಸ್ಪೀಕರಿಗೆ ಇಟ್ಟಾಗ 1.9. ಕಳೆದರೆ 1.6. ಮೀಟರ್ ತೋರಿಸುವ ಅಂಕಿ ಸಾಮಾನ್ಯವಾಗಿ ಸ್ಪೀಕರಿನ ಹೆಸರಿನ ಓಮಿಗಿಂತ ಸ್ವಲ್ಪ ಕಮ್ಮಿ ಇರುತ್ತದೆ, ಆದ್ದರಿಂದ ಇದು 2 ಓಮಿನದ್ದು. ಇದಕ್ಕಿಂತ ಕಮ್ಮಿ ಓಮಿನದ್ದು ಹಾಕಿದರೆ ಆಂಪ್ಲಿಫೈಯರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. 4 ಓಮಿನದ್ದು ಹಾಕಿದರೆ ಅಪಾಯವಿಲ್ಲ, ಆದರೆ ಪವರ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ.

ಆಮೇಲೆ ಡಬ್ಬಿಯ ಒಳಜಾಗ. ಅಡ್ಡಾದಿಡ್ಡಿ ಆಕಾರದ ಪ್ಲಾಸ್ಟಿಕ್ ಡಬ್ಬಿಯನ್ನು ಪಟ್ಟಿ ಹಿಡಿದು ಅಳೆಯಲು ಆಗುವುದಿಲ್ಲ. ಅದಕ್ಕೆ ಅಕ್ಕಿ ಸುರಿದೆ. ಒಳಗೆ ಹೊಸ ಪ್ಲಾಸ್ಟಿಕ್ ಚೀಲ ಹಾಕಿದ್ದನ್ನು ನೋಡಿದ ಮೇಲೆಯೇ ಅಮ್ಮ ಕುಚ್ಚಲಕ್ಕಿ ಕೊಟ್ಟರು. ಲೀಟರ್ ಪಾತ್ರೆಯಲ್ಲಿ ಮಟ್ಟವಾಗಿ ಅಳೆದು ಅಳೆದು ಹಾಕುತ್ತಾ, ಡಬ್ಬಿಯನ್ನು ಕುಲುಕಿ ಮೂಲೆ ತುಂಬಿಸುತ್ತಾ ಹೋದೆ. ಏಳು ಪಾತ್ರೆ ಹಿಡಿಯಿತು, ಎಂಟನೆಯದರಲ್ಲಿ ಅರ್ಧ ಉಳಿಯಿತು. 7.5 ಲೀಟರ್, ಅಂದರೆ ಕಾಲು ಘನ ಅಡಿಗಿಂತ ತುಸು ಜಾಸ್ತಿ. ಮುಚ್ಚಿದ ಡಬ್ಬಿಗೆಂದೇ ಮಾಡಿದ 8 ಇಂಚಿನ ತೆಳು ಸಬ್‌ವೂಫರುಗಳಲ್ಲಿ ಹಲವಕ್ಕೆ ಇಷ್ಟು ಸಾಕು. 12 ಇಂಚಿನದ್ದಕ್ಕೆ ಇದು ಏನೇನೂ ಸಾಲದು. ಕೊನೆಗೆ ಆಳ: ಬಾಯಿಯಿಂದ ಹಿಂಗೋಡೆಯವರೆಗೆ 92 ಮಿಲಿಮೀಟರ್.

ಈ ಮೂರು ಅಂಕಿ ಚೀಟಿಯಲ್ಲಿ ಬರೆದುಕೊಂಡು ಹುಡುಕಿದೆ. ಎರಡು ಕಾಯಿಲ್ ಇರುವ, ಒಂದೊಂದು ಕಾಯಿಲ್ 4 ಓಮಿನ, 85 ಮಿಲಿಮೀಟರ್ ಆಳದ ಒಂದು ಸಿಕ್ಕಿತು. ಎರಡೂ ಕಾಯಿಲನ್ನು ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಸೇರಿಸಿದರೆ 2 ಓಮ್, ನನಗೆ ಬೇಕಾದ್ದೇ. ಸೀರೀಸ್ ಆಗಿ (ಒಂದರ ಹಿಂದೆ ಒಂದು) ಸೇರಿಸಿದರೆ 8 ಓಮ್ ಆಗುತ್ತಿತ್ತು, ಸದ್ದೇ ಸಾಲುತ್ತಿರಲಿಲ್ಲ.

ಹೊಸದರ ಸ್ಕ್ರೂ ತೂತುಗಳು ಹಳೆಯ ಡಬ್ಬಿಗೆ ಹೊಂದಲಿಲ್ಲ. ನಡುವೆ ಒಂದು ಮರದ ಉಂಗುರ ಬೇಕಾಯಿತು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ನೀರು ಕುಡಿದರೆ ಉಬ್ಬುತ್ತದೆ, ನಮ್ಮೂರಿಗೆ ಅದು ಆಗದು. ಪಕ್ಕದ ಆಚಾರಿಯವರು 12 ಮಿಲಿಮೀಟರಿನ ಮರೈನ್ ಪ್ಲೈನಲ್ಲಿ ಚಂದ ಮಾಡಿ ಕೊರೆದುಕೊಟ್ಟರು. ಎರಡು ಕೈ ವಾರ್ನಿಷ್ ಹೊಡೆದೆ. ಉಂಗುರದ ದಪ್ಪದಿಂದ ಇನ್ನೊಂದು ಲಾಭವೂ ಆಯಿತು, ಮ್ಯಾಗ್ನೆಟ್ಟಿನ ಹಿಂದೆ ಗಾಳಿ ಓಡಾಡಲು 19 ಮಿಲಿಮೀಟರ್ ಜಾಗ ಸಿಕ್ಕಿತು.

ಗಾಡಿಯ ತಂತಿ ಕತ್ತರಿಸಲಿಲ್ಲ. ಹಳೆಯ ಸ್ಪೀಕರಿನ ಕಪ್ಲರನ್ನು (ಗಾಡಿಯ ತಂತಿಗೆ ಸಿಕ್ಕಿಸುವ ಪ್ಲಗ್ಗನ್ನು) ತುಂಡು ತಂತಿ ಸಮೇತ ತೆಗೆದು ಹೊಸದಕ್ಕೆ ಬೆಸುಗೆ ಹಾಕಿದೆ. ಯಾವುದು ಪ್ಲಸ್ ಎಂದು ತಿಳಿಯಲು, ತೆಗೆಯುವ ಮುಂಚೆ ಒಂದು ಪೆನ್ಸಿಲ್ ಸೆಲ್ಲನ್ನು ಹಳೆಯ ಸ್ಪೀಕರಿಗೆ ಕ್ಷಣಮಾತ್ರ ತಾಗಿಸಿದ್ದೆ. ಕೋನ್ ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಪ್ಲಸ್. ಇದನ್ನು ಕಳಚಿಟ್ಟ ಸ್ಪೀಕರಿಗೆ ಮಾತ್ರ ಮಾಡಬೇಕು. ಗಾಡಿಯ ಕಡೆಯ ತಂತಿಗೆ ಸೆಲ್ ತಾಗಿಸಬೇಡಿ.

ಬೆಸುಗೆ ಮುಗಿದ ಮೇಲೆ ಹೊಸದಕ್ಕೂ ಸೆಲ್ ತಾಗಿಸಿದೆ. ಕೋನ್ ಅಲುಗಲೇ ಇಲ್ಲ. ಎದೆ ಧಸಕ್ ಎಂದಿತು. ಇಡೀ ಸ್ಪೀಕರ್ ತಿರುಗಿಸಿ ನೋಡಿದರೆ ಎರಡನೆಯ ಕಾಯಿಲಿನ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಒಂದು ಕಾಯಿಲ್ ಹೊರಗೆ ತಳ್ಳಿದರೆ ಇನ್ನೊಂದು ಒಳಗೆ ಎಳೆಯುತ್ತಿತ್ತು. ಗಾಡಿಗೆ ಕೂರಿಸಿಬಿಟ್ಟಿದ್ದರೆ ಹೊಸ ಸ್ಪೀಕರೇ ಕೆಟ್ಟದ್ದು ಎಂದು ವಾಪಸ್ ಕಳಿಸುತ್ತಿದ್ದೆನೋ ಏನೋ. ಬಿಚ್ಚಿ ಸರಿ ಮಾಡಿದೆ. ಈ ಸಲ ಕೋನ್ 'ಟಪ್' ಎಂದು ಹೊರಗೆ ಬಂತು. ಮೀಟರಿನಲ್ಲಿ 1.7.

ಉಂಗುರದ ಎರಡೂ ಕಡೆ ಗ್ಯಾಸ್ಕೆಟ್ ಟೇಪ್ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಕೋನ್ ಒತ್ತಿ ಬಿಟ್ಟಾಗ ನಿಧಾನವಾಗಿ ಮೇಲೆ ಬಂತು. ಗಾಳಿ ಸೋರುತ್ತಿಲ್ಲ ಎಂದರ್ಥ. ಗಾಡಿಗೆ ಕೂರಿಸಿ 30ರಿಂದ 80 ಹರ್ಟ್ಜ್‌ವರೆಗೆ ಟೋನ್ ಓಡಿಸಿದೆ. 50ರ ಹತ್ತಿರ ಮತ್ತೆ ಸಣ್ಣ ಗಡಗಡ. ಎದೆ ಹಿಡಿದುಕೊಂಡು ಹುಡುಕಿದರೆ ಪಕ್ಕದಲ್ಲಿದ್ದ ಜ್ಯಾಕ್ ಸಡಿಲಾಗಿತ್ತು! ಅದಕ್ಕೆ ಬಟ್ಟೆ ಸುತ್ತಿ ಬಿಗಿ ಮಾಡಿದೆ. ಮೊದಲ ಎರಡು ವಾರ ಸದ್ದು ಹದದಲ್ಲೇ ಇಟ್ಟೆ. ತಿಂಗಳಾದ ಮೇಲೆ ಸ್ಕ್ರೂಗಳನ್ನು ಇನ್ನೊಮ್ಮೆ ನೋಡಿದೆ, ಅವುಗಳಲ್ಲಿ ಎರಡು ಸ್ಕ್ರೂ ಮಾತ್ರ ಕಾಲು ಸುತ್ತಿನಷ್ಟು ಹಿಡಿದವು.

ಕಳೆದ ವಾರ ಮತ್ತೆ ಅದೇ ದಾರಿ, ಅದೇ ಪ್ರಸಂಗ. ನಾನು ಏನೂ ಹೇಳಲಿಲ್ಲ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮದ್ದಳೆ ಶುರುವಾಯಿತು. ಅಪ್ಪ ಕೈ ಚಾಚಿ ಎಸಿಯ ಫ್ಯಾನ್ ಕಮ್ಮಿ ಮಾಡಿದರು. ಆಮೇಲೆ ತೊಡೆಯ ಮೇಲೆ ಬೆರಳು ತಾಳ ಹಾಕತೊಡಗಿತು.